ಅತ್ತಿಗೆಯ ಚುಕ್ಕಿ, ಗುಬ್ಬಿಯ ಚುಕ್ಕಿ

ಡಬಲ್ ಕಾಟಿನ ಬೆಡ್‌ಶೀಟನ್ನು ನೀವು ಯಾವತ್ತಾದರೂ ಒಬ್ಬರೇ ಮಡಚಿದ್ದೀರಾ? ಒಂದು ತುದಿಯನ್ನು ಗಲ್ಲದ ಕೆಳಗೆ ಸಿಕ್ಕಿಸಿಕೊಂಡು, ಎರಡು ಕೈಯನ್ನೂ ಎಷ್ಟಾಗುತ್ತದೋ ಅಷ್ಟು ಚಾಚಿ, ಕೊನೆಗೆ ನೆಲಕ್ಕೆ ತಾಗಿಸಿ, ಮತ್ತೆ ಒಗೆಯಲು ಹಾಕಿರುತ್ತೀರಿ. ಮನೆಯಲ್ಲಿ ಒಂದೋ ಎರಡೋ ಆದರೆ ಹೇಗೋ ಸುಧಾರಿಸಬಹುದು. ಲಾಂಡ್ರಿಯಲ್ಲಿ ರಾಶಿ ರಾಶಿ ಬಿದ್ದಿದ್ದರೆ ಏನು ಮಾಡುವುದು?

ಹೋದ ಚುನಾವಣೆಗೆ ಮುಂಚೆ ನಮ್ಮ ಬೀದಿಯ ಲಾಂಡ್ರಿಯಲ್ಲಿ ಹಾಗೇ ಆಗಿತ್ತು. ನಾನು ಎದುರು ಅಂಗಡಿಯ ಟೈಲರ್. ನನ್ನ ಹೊಲಿಗೆ ಮಷಿನ್ನು ಬಾಗಿಲಿಗೇ ಮುಖ ಮಾಡಿದೆ. ಅಲ್ಲಿ ಸೋಪಿನ ನೊರೆ ಉಕ್ಕಿದರೂ ಇಲ್ಲಿ ನನಗೆ ಗೊತ್ತಾಗುತ್ತದೆ. ಇಣುಕುವ ಚಟ ಎಂದು ನಮ್ಮ ಯಜಮಾನರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ. ನಾನು ಇಣುಕಿದ್ದರಿಂದಲೇ ಈ ಕಥೆ ನಿಮಗೆ ಸಿಗುತ್ತಿದೆ.

ಆ ಲಾಂಡ್ರಿಯಲ್ಲಿ ಇರುವವರು ಮೂರು ಜನ. ಇಸ್ತ್ರಿ ಅಣ್ಣ ಬಾಯಿ ಬಿಟ್ಟರೆ ಮುತ್ತು ಉದುರಿಹೋಗುತ್ತದೆ ಎನ್ನುವ ಹಾಗೆ ಇರುತ್ತಾನೆ. ಅವನ ತಂಗಿ ಇದಕ್ಕೆ ತದ್ವಿರುದ್ಧ. ಬೆಳಗಿನಿಂದ ಸಂಜೆಯವರೆಗೆ ಚಿಲಿಪಿಲಿ ಎನ್ನುತ್ತಲೇ ಇರುವುದರಿಂದ ಅವಳಿಗೆ ಗುಬ್ಬಿ ಎಂದೇ ಹೆಸರು. ಗುಬ್ಬಿ 'ಅತ್ತಿಗೆ, ಅತ್ತಿಗೆ' ಎಂದು ಕೂಗಿ ಕೂಗಿ, ಇಸ್ತ್ರಿ ಅಣ್ಣನ ಹೆಂಡತಿ ಇಡೀ ಬೀದಿಗೇ ಅತ್ತಿಗೆಯಾಗಿಬಿಟ್ಟಿದ್ದಾಳೆ.

ಅತ್ತಿಗೆ ಆ ಮನೆಗೆ ಬಂದಾಗ ಗುಬ್ಬಿ ಇನ್ನೂ ಶಾಲೆಗೆ ಹೋಗುವ ಹುಡುಗಿ. ತಾಯಿ ಇರಲಿಲ್ಲ. ಜಡೆ ಹಾಕಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ಎಲ್ಲ ಅತ್ತಿಗೆಯೇ. ಬೆಡ್‌ಶೀಟ್ ಮಡಚುವುದನ್ನು ಕಲಿಸಿದ್ದೂ ಅವಳೇ. ಒಬ್ಬರು ಈ ತುದಿ, ಒಬ್ಬರು ಆ ತುದಿ. ಎರಡೆರಡು ಮೂಲೆ ಹಿಡಿದು ಜೋರಾಗಿ ಜಗ್ಗಿ ಸುಕ್ಕು ಬಿಡಿಸಬೇಕು. ಆಮೇಲೆ ಒಬ್ಬರ ಕಡೆಗೆ ಒಬ್ಬರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ಗುಬ್ಬಿಯ ಕೈ ಎಟುಕದ ಕಾಲದಲ್ಲಿ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಮಡಚುತ್ತಿದ್ದರು. ನೋಡಲು ಎರಡು ಕಣ್ಣು ಸಾಲದು.

ಇಂಥವರು ಮಾತು ಬಿಟ್ಟರು. ಬಿಟ್ಟದ್ದು ಆಸ್ತಿಗಲ್ಲ, ಒಡವೆಗಲ್ಲ, ಫೋನಿನಲ್ಲಿ ಕಂಡ ಎರಡು ಚುಕ್ಕಿಗೆ!

ಆದದ್ದು ಇಷ್ಟು. ಒಂದು ಬೆಳಿಗ್ಗೆ ಹೆರಿಗೆ ಆಸ್ಪತ್ರೆಯ ಬಿಳಿ ಬೆಡ್‌ಶೀಟುಗಳ ಜೊತೆ ಯಾರದೋ ಕೆಂಪು ಕಾಲುಚೀಲ ಮಷಿನ್ನಿಗೆ ಹೋಗಿತ್ತು. ಬಟ್ಟೆ ಹಾಕಿದವಳು ಗುಬ್ಬಿ. ಹಾಕುವ ಮುಂಚೆ ಒಂದೊಂದನ್ನೂ ಕೊಡವಿ ನೋಡಬೇಕು ಎಂಬುದು ಅತ್ತಿಗೆಯ ಕಟ್ಟಪ್ಪಣೆ. ಗುಬ್ಬಿ ಆವತ್ತು ಕೊಡವಲಿಲ್ಲ. ಮಷಿನ್ನಿನ ಬಾಗಿಲು ತೆಗೆದರೆ ಎಲ್ಲವೂ ಗುಲಾಬಿ ಬಣ್ಣ. ಅತ್ತಿಗೆ ಬೈದದ್ದು ನನ್ನ ಅಂಗಡಿಯ ಒಳಗಿನವರೆಗೂ ಕೇಳಿಸಿತು.

ಮಧ್ಯಾಹ್ನ ಬಟ್ಟೆ ಒಣಗಲು ಕಾಯುವಾಗ ಗುಬ್ಬಿಯ ಫೋನಿಗೆ ಒಂದು ಲಿಂಕ್ ಬಂತು. 'ನಿಮ್ಮ ರಾಜಕೀಯ ಒಲವು ಯಾವ ಕಡೆ? ತಿಳಿಯಿರಿ!' ಒಂದೊಂದೇ ಹೇಳಿಕೆ ಬರುತ್ತದೆ. ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ಗೊತ್ತಿಲ್ಲ, ಒಪ್ಪುವುದಿಲ್ಲ, ಸುತರಾಂ ಒಪ್ಪುವುದಿಲ್ಲ ಎಂಬುದರಲ್ಲಿ ಒಂದನ್ನು ಒತ್ತಬೇಕು. ಅತ್ತಿಗೆಗೆ ಕನ್ನಡಕ ಕೈಗೆ ಸಿಗಲಿಲ್ಲ, ಗುಬ್ಬಿಯೇ ಓದಿದಳು. ಕೊನೆಯಲ್ಲಿ ಒಂದು ಚೌಕ, ಅದರೊಳಗೆ ಒಂದು ಚುಕ್ಕಿ. ಅತ್ತಿಗೆಯ ಚುಕ್ಕಿ ಬಲಗಡೆಯ ಮೇಲಿನ ಮೂಲೆಗೆ ಅಂಟಿಕೊಂಡಿತ್ತು. ಗುಬ್ಬಿಯದು ಎಡಗಡೆಯ ಕೆಳಗಿನ ಮೂಲೆಗೆ. ಸಾಲದೆಂಬಂತೆ ಪಕ್ಕದಲ್ಲಿ ಒಂದೊಂದು ಬಿರುದು ಬೇರೆ.

"ಸರ್ವಾಧಿಕಾರದ ಕಡೆ ಒಲವು ಅಂತ ಬಂದಿದೆ ಅತ್ತಿಗೆ ನಿಮಗೆ" ಎಂದಳು ಗುಬ್ಬಿ. "ನಾನು ಹೇಳ್ತಿಲ್ಲಪ್ಪ, ಕಂಪ್ಯೂಟರೇ ಹೇಳ್ತಿದೆ."

"ನಿನಗೇನು ಬಂದಿದೆಯಂತೆ?"

"ಕಟ್ಟುಪಾಡು ಒಪ್ಪದ ಸ್ವಭಾವ ಅಂತೆ."

"ಅದಕ್ಕೆ ಕಂಪ್ಯೂಟರ್ ಯಾಕೆ ಬೇಕಿತ್ತು? ಆ ಗುಲಾಬಿ ರಾಶಿ ನೋಡಿದ್ರೆ ಸಾಕಾಗಿತ್ತು" ಎಂದಳು ಅತ್ತಿಗೆ. "ನಾನು ಮೇಲಿದ್ದೀನಿ, ನೀನು ತಳದಲ್ಲಿದ್ದೀಯ. ಇನ್ನೇನು ಹೇಳೋದು! ಕಟ್ಟುಪಾಡೇ ಬೇಡ ಅನ್ನೋಳ ಕೈಗೆ ನಾಳೆ ಅಂಗಡಿ ಹೇಗೆ ಒಪ್ಪಿಸಲಿ?"

ಮಾತಿಗೆ ಮಾತು ಬೆಳೆಯಿತು. ಬಿಸಿಯೇರಿದ ಮೇಲೆ ಯಾರಿಗೂ ಬಾಯಿಯ ಮೇಲೆ ಹಿಡಿತ ಇರುವುದಿಲ್ಲ. ನನ್ನ ಮೇಲೆ ನಂಬಿಕೆಯೇ ಇಲ್ಲದ ಕಡೆ ನಾನ್ಯಾಕಿರಲಿ ಎಂದು ಗುಬ್ಬಿ ಊರಾಚೆಯ ಹೊಸ ದೊಡ್ಡ ಲಾಂಡ್ರಿಗೆ ಫೋನ್ ಮಾಡಿ ಕೆಲಸ ಕೇಳಿಬಿಟ್ಟಳು. ಉಳಿದುಕೊಳ್ಳಲು ರೂಮನ್ನೂ ಅವರೇ ಕೊಡುತ್ತಾರಂತೆ, ಸೋಮವಾರ ಬಾ ಎಂದರಂತೆ. ಅವಳ ಬಟ್ಟೆಯ ಬ್ಯಾಗು ಕೌಂಟರಿನ ಕೆಳಗೆ ಬಂದು ಕೂತಿತು. ಅತ್ತಿಗೆ ಅದನ್ನು ನೋಡಿದರೂ ನೋಡದ ಹಾಗೆ ಓಡಾಡಿದಳು. ಆ ಹುಡುಗಿ ಹೋದರೆ ಅತ್ತಿಗೆ ಅರ್ಧ ಆಗುತ್ತಾಳೆ ಎಂದು ನನಗೆ ಗೊತ್ತಿತ್ತು.

ಶನಿವಾರ ಬಂತು. ಒಗೆದ ಬೆಡ್‌ಶೀಟುಗಳು ಮೇಜಿನ ಮೇಲೆ ಗುಡ್ಡೆ ಬಿದ್ದಿದ್ದವು. ಸಂಜೆಗೆ ಹೆರಿಗೆ ಆಸ್ಪತ್ರೆಯ ಗಾಡಿ ಬರುತ್ತದೆ. ಅತ್ತಿಗೆ ಆ ಗೋಡೆಯ ಹತ್ತಿರ ಒಬ್ಬಳೇ ಒದ್ದಾಡುತ್ತಿದ್ದಳು, ಗುಬ್ಬಿ ಈ ಗೋಡೆಯ ಹತ್ತಿರ ಒಬ್ಬಳೇ ಒದ್ದಾಡುತ್ತಿದ್ದಳು. ಹರಿದ ನಾಲ್ಕಾರು ಶೀಟುಗಳಿಗೆ ತೇಪೆ ಹಾಕಿ ಕೊಡಲು ನಾನು ಹೋಗಿದ್ದೆ. ಅದೇ ಹೊತ್ತಿಗೆ ಓದುವ ಕೋಣೆಯ ಪರದೆಗಳನ್ನು ಒಗೆಯಲು ಹಾಕಲೆಂದು ಲೈಬ್ರರಿ ಮೇಡಂ ಬಂದರು. ಚುನಾವಣೆ ಹತ್ತಿರ ಬಂದರೆ ಮತದಾರರ ಪಟ್ಟಿಯಲ್ಲಿ ಹೆಸರು ನೋಡಿಕೊಡುವುದು, ಯಾವ ಮತಗಟ್ಟೆ ಎಂದು ಹೇಳಿಕೊಡುವುದು ಎಲ್ಲ ಅವರೇ.

"ಇದೇನು, ಜೋಡಿ ಮುರಿದಿದೆ?" ಎಂದರು ಮೇಡಂ.

ಇಬ್ಬರೂ ತಲೆ ಎತ್ತದೆ ಮಡಚುತ್ತಲೇ ಇದ್ದರು. ನಾನಿರುವುದು ಯಾತಕ್ಕೆ? ಕಾಲುಚೀಲದಿಂದ ಬ್ಯಾಗಿನವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ.

ಮೇಡಂಗೆ ನಗು ತಡೆಯಲಾಗಲಿಲ್ಲ. "ಆ ಕ್ವಿಜ್ ನಾನೂ ಮಾಡಿದ್ದೆ. ತಮಾಷೆಯಾಗಿದೆ. ಅದಕ್ಕೆ ಮನೆ ಬಿಟ್ಟು ಹೋಗ್ತಾರಾ?"

"ತಮಾಷೆ ಏನು ಬಂತು ಮೇಡಂ?" ಎಂದಳು ಅತ್ತಿಗೆ. "ಅಷ್ಟು ದೊಡ್ಡ ಕಂಪ್ಯೂಟರ್ ಸುಳ್ಳು ಹೇಳುತ್ತಾ?"

"ಸುಳ್ಳು ಹೇಳಲ್ಲ. ನಾವು ಏನು ಒತ್ತಿದ್ವೋ ಅದನ್ನ ಕೂಡಿ ಕಳೆದು ಒಂದು ಕಡೆ ಚುಕ್ಕಿ ಇಡುತ್ತೆ, ಅಷ್ಟೆ. ಯಾಕೆ ಒತ್ತಿದ್ವಿ ಅನ್ನೋದು ಅದಕ್ಕೆ ಹೇಗೆ ಗೊತ್ತಾಗಬೇಕು?"

ಆಗ ಒಂದು ಆಶ್ಚರ್ಯ ನಡೆಯಿತು. ಇಸ್ತ್ರಿ ಅಣ್ಣ ಬಾಯಿ ಬಿಟ್ಟ. "ಒದ್ದೆ ಬಟ್ಟೆ ತೂಕಕ್ಕಿಟ್ಟ ಹಾಗೆ" ಎಂದ. "ತಕ್ಕಡಿ ಸರಿಯಾಗೇ ಇರುತ್ತೆ. ನೀರಿನ ತೂಕವೂ ಸೇರಿರುತ್ತೆ." ಇಷ್ಟು ಹೇಳಿ, ಹೆಚ್ಚಾಯಿತೇನೋ ಎಂಬಂತೆ ಮತ್ತೆ ಕಾಲರ್ ಉಜ್ಜತೊಡಗಿದ.

"ಅದೇ, ಅದೇ!" ಎಂದರು ಮೇಡಂ. "ನೀವಿಬ್ಬರೂ ಆವತ್ತು ಕೋಪದಲ್ಲಿ ಒದ್ದೆಯಾಗಿದ್ರಿ. ಇರಿ, ಇನ್ನೊಂದು ಸಲ ನೋಡೋಣ. ಬಿದ್ದುಹೋದ ಗುಂಡಿ ಹಾಕಿಡೋ ಡಬ್ಬಿ ಇದೆಯಲ್ಲ, ಅದನ್ನ ಕೊಡಿ."

ಗಿರಾಕಿಗಳ ಅಂಗಿಯಿಂದ ಉದುರಿದ ಗುಂಡಿಗಳನ್ನೆಲ್ಲ ಅತ್ತಿಗೆ ಒಂದು ಬಿಸ್ಕತ್ ಡಬ್ಬಿಯಲ್ಲಿ ಕೂಡಿಡುತ್ತಾಳೆ. ಮೇಡಂ ಮೇಜಿನ ಮೇಲೆ ಒಂದು ಗುಲಾಬಿ ಬೆಡ್‌ಶೀಟ್ ಹಾಸಿದರು. ಎರಡು ಸಲ ಮಡಚಿ ಬಿಡಿಸಿದರು. ನಡುವೆ ಅಡ್ಡಕ್ಕೊಂದು, ಉದ್ದಕ್ಕೊಂದು ಮಡಿಕೆಯ ಗೆರೆ ಮೂಡಿತು. ಬಲಗಡೆಯ ಮೇಲಿನ ಮೂಲೆಗೆ ಅತ್ತಿಗೆಯದೆಂದು ಒಂದು ಕಪ್ಪು ಗುಂಡಿ, ಎಡಗಡೆಯ ಕೆಳಗಿನ ಮೂಲೆಗೆ ಗುಬ್ಬಿಯದೆಂದು ಒಂದು ಹಳದಿ ಗುಂಡಿ ಇಟ್ಟರು.

"ಎಡ ಬಲ ಅಂದ್ರೆ ಇಲ್ಲಿ ಹಣಕಾಸಿನ ಮಾತು. ಎಡಕ್ಕೆ ಹೋದಷ್ಟೂ ಸರ್ಕಾರವೇ ಹೆಚ್ಚು ನೋಡ್ಕೋಬೇಕು ಅನ್ನೋರು. ಬಲಕ್ಕೆ ಹೋದಷ್ಟೂ ವ್ಯಾಪಾರ ವಹಿವಾಟನ್ನ ಜನರಿಗೇ ಬಿಡಿ ಅನ್ನೋರು. ಮೇಲೆ ಹೋದಷ್ಟೂ ಕಟ್ಟುನಿಟ್ಟು, ಕೆಳಗೆ ಬಂದಷ್ಟೂ ಅವರವರ ಇಷ್ಟ. ಇದು ಪರೀಕ್ಷೆಯಲ್ಲ ಅತ್ತಿಗೆ. ಮೇಲಿದ್ದವರು ಪಾಸೂ ಅಲ್ಲ, ಕೆಳಗಿದ್ದವರು ಫೇಲೂ ಅಲ್ಲ."

"ಹಾಗಾದ್ರೆ ನಾನು ಮೇಲಿರೋದು..."

"ಮೇಲಿದ್ದೀರಿ, ಅಷ್ಟೆ" ಎಂದೆ ನಾನು. ಅತ್ತಿಗೆ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು.

ಅಷ್ಟರಲ್ಲಿ ಇಸ್ತ್ರಿ ಅಣ್ಣನೂ ಸದ್ದಿಲ್ಲದೆ ಒಂದು ಬಿಳಿ ಗುಂಡಿ ತಂದು ಸರಿಯಾಗಿ ನಟ್ಟನಡುವೆ ಇಟ್ಟ. ಮುಖದಲ್ಲಿ ಜಂಭ. "ಆ ಕ್ವಿಜ್ ನಾನೂ ಮಾಡಿದ್ದೆ. ನಾನು ಸೆಂಟರು."

"ಎಲ್ಲದಕ್ಕೂ ಏನು ಒತ್ತಿದ್ದೆ ಅಣ್ಣ?" ಎಂದಳು ಗುಬ್ಬಿ.

"ಗೊತ್ತಿಲ್ಲ ಅಂತ."

ಎಲ್ಲರೂ ನಕ್ಕೆವು. ಮಾತು ಬಿಟ್ಟಿದ್ದವರೂ ನಕ್ಕರು, ಆದರೆ ಒಬ್ಬರ ಮುಖ ಒಬ್ಬರು ನೋಡದೆ. "ನಡುವೆ ಬಂದವರೆಲ್ಲ ಯೋಚನೆ ಮಾಡಿ ನಡುವೆ ಬಂದವರಲ್ಲ" ಎಂದರು ಮೇಡಂ. "ಸರಿ, ಪೂರ್ತಿ ಫಲಿತಾಂಶಕ್ಕೆ ಫೋನ್ ನಂಬರ್ ಕೇಳಿತ್ತಲ್ಲ, ಕೊಟ್ಟುಬಿಟ್ರಾ?"

"ಕೊಟ್ಟೆ" ಎಂದ ಅಣ್ಣ. ಅವನ ಜೇಬು ಆಗಲೇ ಕಿಣಿ ಕಿಣಿ ಎಂದಿತು. ಆವತ್ತಿನಿಂದ ಆ ಪಕ್ಷದ ಮೆಸೇಜೂ ಬರುತ್ತಿದೆ, ಈ ಪಕ್ಷದ್ದೂ ಬರುತ್ತಿದೆ, ತಲೆ ಚಿಟ್ಟು ಹಿಡಿದಿದೆ ಎಂದ.

"ಅದಕ್ಕೇ ಮೊದಲು ಇದನ್ನ ಮಾಡಿದವರು ಯಾರು ಅಂತ ನೋಡಬೇಕು. ಹೆಸರು ಹೇಳ್ಕೊಳ್ಳದವರಿಗೆ ನಂಬರ್ ಯಾಕೆ ಕೊಡ್ತೀರಿ? ಸರಿ ಅತ್ತಿಗೆ, ನಿಯಮ ಮುರಿದವರಿಗೆ ಶಿಕ್ಷೆ ಆಗಲೇಬೇಕು, ಕಾರಣ ಏನೇ ಇರಲಿ ಅಂತ ಒಂದಿತ್ತು. ಏನು ಒತ್ತಿದ್ರಿ?"

"ಪೂರ್ತಿ ಒಪ್ಪುತ್ತೇನೆ ಅಂತ."

"ಒತ್ತುವಾಗ ಯಾರು ನೆನಪಾದ್ರು?"

ಅತ್ತಿಗೆ ಗುಲಾಬಿ ಬಟ್ಟೆಯನ್ನು ಸವರಿದಳು. "ಕಾಲುಚೀಲ" ಎಂದಳು. "ಅವಳು ಓದಿದ ಧಾಟಿಯೂ ಹಾಗೇ ಇತ್ತು. ನನಗೇ ಚುಚ್ಚಿದ ಹಾಗೆ."

"ಈಗ ಅಂಗಡಿ ಮರೆತು ಊರನ್ನ ನೆನೆಸ್ಕೊಳ್ಳಿ. ಹೆರಿಗೆ ನೋವು ಬಂದವಳನ್ನ ಕರ್ಕೊಂಡು ಹೋಗೋನು ಕೆಂಪು ದೀಪ ದಾಟಿದ. ಅವನಿಗೂ ಶಿಕ್ಷೆ ಆಗಲೇಬೇಕಾ?"

"ಅಯ್ಯೋ, ಅವನನ್ನ ಹೇಗೆ ಶಿಕ್ಷಿಸೋದು? ಕಾರಣ ಕೇಳಬೇಕಲ್ಲ!"

ಮೇಡಂ ಕಪ್ಪು ಗುಂಡಿಯನ್ನು ಸ್ವಲ್ಪ ಕೆಳಗೆ ಸರಿಸಿದರು. "ಗುಬ್ಬಿ, ನಿಯಮ ಕಡಿಮೆ ಇದ್ದಷ್ಟೂ ಜನ ಸುಖವಾಗಿರ್ತಾರೆ ಅಂತ ಇನ್ನೊಂದಿತ್ತು."

"ಪೂರ್ತಿ ಒಪ್ಪಿದ್ದೆ" ಎಂದು ಗುಬ್ಬಿ ಓರೆಗಣ್ಣಿನಿಂದ ಅತ್ತಿಗೆಯನ್ನು ನೋಡಿದಳು. ಯಾರು ನೆನಪಾದರು ಎಂದು ಕೇಳುವ ಅಗತ್ಯವೇ ಇರಲಿಲ್ಲ.

"ಆಸ್ಪತ್ರೆ ಬಟ್ಟೆ ಕುದಿಯೋ ನೀರಲ್ಲೇ ಒಗೀಬೇಕು ಅಂತ ಒಂದು ನಿಯಮ ಇದೆಯಲ್ಲ. ಅದನ್ನ ತೆಗೆದುಹಾಕೋಣವಾ?"

"ಛೆ ಛೆ! ಎಳೆ ಕೂಸುಗಳನ್ನ ಮಲಗಿಸೋದು ಮೇಡಂ! ಅದು ಇರ್ಲೇಬೇಕು."

ಹಳದಿ ಗುಂಡಿ ಸ್ವಲ್ಪ ಮೇಲಕ್ಕೆ ಬಂತು. ಹೀಗೇ ಒಂದೊಂದೇ ಹೇಳಿಕೆ ತೆಗೆದು ನೋಡಿದೆವು. ನಲ್ಲಿಯಲ್ಲಿ ದಿನಾ ನೀರು ಬರಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಇರಬೇಕು, ಹೆಂಗಸರು ಕತ್ತಲಾದ ಮೇಲೂ ಧೈರ್ಯವಾಗಿ ಓಡಾಡುವಂತಿರಬೇಕು. ಇದರಲ್ಲೆಲ್ಲ ಇಬ್ಬರದೂ ಒಂದೇ ಮಾತು. ಆದರೆ ಇನ್ನು ಕೆಲವಕ್ಕೆ ಗುಂಡಿ ಅಲ್ಲಾಡಲೇ ಇಲ್ಲ. ಮೇಲಿನವರು ಹೇಳಿದ್ದನ್ನು ಪ್ರಶ್ನಿಸಬಾರದು ಎಂಬುದನ್ನು ಗುಬ್ಬಿ ಈಗಲೂ ಸುತರಾಂ ಒಪ್ಪಲಿಲ್ಲ. ವ್ಯಾಪಾರದಲ್ಲಿ ಸರ್ಕಾರ ತಲೆ ಹಾಕಬಾರದು ಎಂಬ ಮಾತಿನಿಂದ ಅತ್ತಿಗೆ ಈಗಲೂ ಜಪ್ಪಯ್ಯ ಎಂದರೂ ಕದಲಲಿಲ್ಲ.

"ನಾವು ಯಾರ ಬಾಗಿಲಿಗೂ ಹೋಗದೆ ಈ ಅಂಗಡಿ ಕಟ್ಟಿದ್ದು ಮೇಡಂ. ಅವರವರ ಶಕ್ತಿ ಅವರವರಿಗೆ ಬಿಡಬೇಕು."

ಗುಬ್ಬಿ ಇಷ್ಟು ದಿನದಲ್ಲಿ ಮೊದಲ ಸಲ ನೇರವಾಗಿ ಅತ್ತಿಗೆಯ ಕಡೆ ತಿರುಗಿದಳು. "ಆಹಾ! ಹಾಗೆ ಬಿಟ್ರೆ ದೊಡ್ಡವರು ಬಂದು ನಮ್ಮಂಥ ಸಣ್ಣ ಅಂಗಡಿಗಳನ್ನ ನುಂಗಿ ನೀರು ಕುಡೀತಾರೆ ಅತ್ತಿಗೆ. ಅರ್ಧ ರೇಟಿಗೆ ಒಗೆದುಕೊಡ್ತೀವಿ ಅಂತಾರೆ. ನಾವು ಮುಚ್ಚಿದ ಮೇಲೆ ಎರಡರಷ್ಟು ರೇಟು ಮಾಡ್ತಾರೆ. ಆಗ ಕೇಳೋರು ಯಾರು? ಆ ಹೊಸ ಲಾಂಡ್ರಿ ಇದೆಯಲ್ಲ, ಅಂಥವರಿಗೆ ಒಂದು ಲಗಾಮು ಬೇಡವಾ?"

ಅತ್ತಿಗೆ ಕೌಂಟರಿನ ಕೆಳಗಿನ ಬ್ಯಾಗಿನ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಅದೇ ಲಾಂಡ್ರಿಗೆ ತಾನೆ ಕಣೆ, ನೀನು ಸೋಮವಾರ ಹೊರಟಿರೋದು?"

ಗುಬ್ಬಿಯ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಆ ಹುಡುಗಿಗೆ ಮಾತು ನಿಂತುಹೋದದ್ದನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ. ಕಣ್ಣು ತುಂಬಿ ಬಂತು.

"ನಿನ್ನ ಕೈಗೆ ಅಂಗಡಿ ಹೇಗೆ ಒಪ್ಪಿಸಲಿ ಅಂದ್ರಲ್ಲ ಅತ್ತಿಗೆ ನೀವು" ಎಂದಳು. "ಚುಕ್ಕಿ ಎಲ್ಲಿದ್ರೆ ನನಗೇನು? ಆ ಮಾತಿಗೆ ಹೊರಟೆ."

"ನಾನು ಕಾಲುಚೀಲಕ್ಕೆ ಬೈದೆ ಕಣೆ. ಆ ಕೋಪದಲ್ಲಿ ನಾಲಿಗೆ ಜಾರಿತು" ಎಂದಳು ಅತ್ತಿಗೆ. ಅವಳ ದನಿಯೂ ಒದ್ದೆಯಾಗಿತ್ತು. "ನನ್ನನ್ನ ಸರ್ವಾಧಿಕಾರಿ ಅಂದೆಯಲ್ಲ, ಅದು ನನಗೂ ನಾಟಿತು. ನಿನ್ನ ಜಡೆ ಬಿಗಿಯಾಗಿ ಹಾಕಿದ್ದಷ್ಟೇ ನಾನು ಮಾಡಿದ ಸರ್ವಾಧಿಕಾರ."

"ತುಂಬಾ ಬಿಗಿಯಾಗೇ ಹಾಕ್ತಿದ್ರಿ" ಎಂದು ಗುಬ್ಬಿ ಮೂಗೊರೆಸಿಕೊಂಡಳು. "ಬೆಡ್‌ಶೀಟ್ ಕೊಡವಿ ನೋಡದೇ ಇದ್ದದ್ದು ನನ್ನದೇ ತಪ್ಪು. ಆದ್ರೆ ವ್ಯಾಪಾರದ ವಿಷಯದಲ್ಲಿ ಮಾತ್ರ ನಾನು ಹೇಳಿದ್ದೇ ಸರಿ."

"ಅದರಲ್ಲಿ ನಿನ್ನ ಮಾತು ನಾನು ಒಪ್ಪಲ್ಲ."

"ಒಪ್ಪಬೇಡಿ. ಸಂಜೆ ಟೀ ಕುಡಿಯುವಾಗ ಮತ್ತೆ ಹೇಳ್ತೀನಿ."

ಮೇಡಂ ಬೆಡ್‌ಶೀಟಿನ ಮೇಲಿಂದ ಗುಂಡಿಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕಿದರು. "ಕಪ್ಪು ಗುಂಡಿ ಇನ್ನೂ ಆ ಕಡೆಯೇ ಇದೆ, ಹಳದಿ ಗುಂಡಿ ಇನ್ನೂ ಈ ಕಡೆಯೇ ಇದೆ. ಇರ್ಲಿ. ಇಬ್ಬರೂ ಒಂದೇ ಕಡೆ ಬರಬೇಕು ಅಂತ ಯಾವ ಕಾನೂನೂ ಇಲ್ಲ. ಯಾರಿಗೆ ಓಟು ಹಾಕಬೇಕು ಅಂತ ಈ ಚುಕ್ಕಿ ಹೇಳೋಕಾಗಲ್ಲ. ನಿಂತಿರೋರು ಯಾರು, ಇಷ್ಟು ದಿನ ಏನು ಮಾಡಿದ್ರು, ಈಗ ಏನು ಮಾಡ್ತೀವಿ ಅಂತಾರೆ, ಅದನ್ನ ನೀವೇ ಓದಿ, ನೀವೇ ಕೇಳಿ. ಎಲ್ಲ ಪಕ್ಷದ ಪ್ರಣಾಳಿಕೆಯೂ ಲೈಬ್ರರಿಯಲ್ಲಿ ಇಟ್ಟಿದ್ದೀನಿ."

"ನಾನೂ ಬರ್ತೀನಿ" ಎಂದ ಇಸ್ತ್ರಿ ಅಣ್ಣ. "ಗೊತ್ತಿಲ್ಲ ಅಂತ ಎಷ್ಟು ದಿನ ಒತ್ತೋದು?"

ಹೊರಗೆ ಗಾಡಿಯ ಹಾರ್ನ್ ಕೇಳಿಸಿತು. ಆಸ್ಪತ್ರೆಯವರು ಬಂದೇಬಿಟ್ಟರು! ಅತ್ತಿಗೆ ಗುಡ್ಡೆಯಿಂದ ಒಂದು ಬೆಡ್‌ಶೀಟ್ ಎಳೆದು ಎರಡು ಮೂಲೆ ಹಿಡಿದಳು. ಉಳಿದೆರಡು ಮೂಲೆಗಳನ್ನು ಗುಬ್ಬಿಯ ಕಡೆ ಬೀಸಿದಳು.

"ಹಿಡಿ. ಆ ಗೋಡೆ ಹತ್ತಿರ ಹೋಗು."

"ಅಷ್ಟು ದೂರಾನಾ?"

"ದೂರ ನಿಂತು ಜಗ್ಗದೆ ಸುಕ್ಕು ಬಿಡುತ್ತಾ ಕಣೆ?"

ಗುಬ್ಬಿ ಹಿಡಿದಳು. ಇಬ್ಬರೂ ಜಗ್ಗಿದರು. ಬಟ್ಟೆ ಟಪ್ ಎಂದು ಸದ್ದು ಮಾಡಿ ನೆಟ್ಟಗಾಯಿತು. ಆಮೇಲೆ ಇಬ್ಬರೂ ನಡೆದು ಬಂದು ಮೂಲೆಗೆ ಮೂಲೆ ಸೇರಿಸಿದರು. ಕೈಗೆ ಕೈ ತಾಗಿದಾಗ ಅತ್ತಿಗೆ ಬಿಡಲಿಲ್ಲ, ಒಂದು ಗಳಿಗೆ ಹಾಗೇ ಹಿಡಿದುಕೊಂಡಳು. ನಾನು ಹೊಲಿಗೆ ನೋಡುವ ನೆಪದಲ್ಲಿ ತಲೆ ತಗ್ಗಿಸಿದೆ. ಅಳು ಬಂದರೆ ನನಗೆ ಸೂಜಿ ಕಾಣುವುದಿಲ್ಲ.

ಗಾಡಿಯವನು ಕಾಯಬೇಕಾಯಿತು, ಕಾದ. ಗುಲಾಬಿ ಶೀಟುಗಳನ್ನು ನೋಡಿ ಇದೇನು ಎಂದು ಹುಬ್ಬೇರಿಸಿದ. ಗುಬ್ಬಿ ತಾನೇ ಮುಂದೆ ಹೋಗಿ ತಪ್ಪು ನನ್ನದು, ಮುಂದಿನ ಸಲ ಬಿಳಿ ಮಾಡಿ ಕೊಡುತ್ತೇನೆ ಎಂದಳು. ಸೋಮವಾರ ಆ ಬ್ಯಾಗು ಕೌಂಟರಿನ ಕೆಳಗೆ ಇರಲಿಲ್ಲ. ಗುಬ್ಬಿ ಮಾತ್ರ ಇದ್ದಳು, ಚಿಲಿಪಿಲಿ ಎನ್ನುತ್ತ.

ಮತದಾನದ ದಿನ ಮೂವರೂ ಒಟ್ಟಿಗೇ ಹೋದರು, ಒಂದೇ ಸಾಲಿನಲ್ಲಿ ನಿಂತರು. ಯಾರು ಯಾರಿಗೆ ಹಾಕಿದರೋ ನನಗೆ ಗೊತ್ತಿಲ್ಲ. ಇಣುಕುವ ಚಟ ಇರುವ ನಾನೂ ಕೇಳಲಿಲ್ಲ. ಅದು ಅವರವರ ಗುಟ್ಟು. ದಾರಿಯುದ್ದಕ್ಕೂ ಅತ್ತಿಗೆ ನಾದಿನಿ ವಾದ ಮಾಡುತ್ತಲೇ ಬಂದರು, ಇಸ್ತ್ರಿ ಅಣ್ಣ ಇಬ್ಬರ ನಡುವೆ ನಡೆಯುತ್ತಿದ್ದ. ಈ ಸಲ ಅವನೂ ನಡುನಡುವೆ ಒಂದೊಂದು ಮಾತು ಸೇರಿಸುತ್ತಿದ್ದ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಆ ಲಿಂಕ್ ನಿಮ್ಮ ಫೋನಿಗೂ ಬರುತ್ತದೆ. ಬಂದರೆ ಮಾಡಿ, ತಪ್ಪೇನಿಲ್ಲ. ಆದರೆ ಯಾರು ಮಾಡಿದ ಕ್ವಿಜ್ ಎಂದು ಮೊದಲು ನೋಡಿ, ನಂಬರ್ ಕೊಡಬೇಡಿ. ಮನೆಯವರ ಮೇಲೆ ಸಿಟ್ಟು ಬಂದಿರುವ ದಿನ ಮಾಡಬೇಡಿ, ಮಾಡಿದ್ದರೆ ಸಿಟ್ಟು ಆರಿದ ಮೇಲೆ ಇನ್ನೊಮ್ಮೆ ಮಾಡಿ. ಚುಕ್ಕಿ ಎಲ್ಲಿ ಬಿತ್ತು ಎನ್ನುವುದಕ್ಕಿಂತ ಯಾವ ಪ್ರಶ್ನೆಗೆ ಏನು ಹೇಳಿದೆ, ಯಾಕೆ ಹೇಳಿದೆ ಎಂದು ಕೇಳಿಕೊಳ್ಳಿ. ಆ ಚುಕ್ಕಿಯನ್ನು ಯಾರ ಹಣೆಗೂ ಅಂಟಿಸಬೇಡಿ. ಓಟು ಹಾಕುವ ಮೊದಲು ಅಭ್ಯರ್ಥಿಗಳ ಬಗ್ಗೆ ತಿಳಿದುಕೊಳ್ಳಿ, ಓಟನ್ನಂತೂ ತಪ್ಪದೆ ಹಾಕಿ.

ನಿಮ್ಮ ಮನೆಯಲ್ಲೂ ಒಬ್ಬರು ಆ ಮೂಲೆ, ಒಬ್ಬರು ಈ ಮೂಲೆ ಹಿಡಿದು ನಿಂತಿರಬಹುದು. ನಿಂತಿರಲಿ, ಜಗ್ಗಲಿ, ಸುಕ್ಕು ಬಿಡಲಿ. ಆಮೇಲೆ ನಡೆದು ಬಂದು ಮೂಲೆ ಸೇರಿಸುವುದನ್ನು ಮಾತ್ರ ಮರೆಯಬೇಡಿ.